ರಂಧ್ರಕ್ಕೂ ಅಂಚಿಗೂ ನಡುವಣ ಲೋಹ

ಬೇಸಗೆಯ ಮೊದಲ ತಿಂಗಳುಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಚೀಲಗಳು ಲಾರಿಗಟ್ಟಲೆ ಬಂದಿಳಿಯುವಾಗ ಕಾಣುವ ಆ ಕಡುಗೆಂಪು ರಾಶಿಗಳ ಶೋಭೆಯನ್ನೂ, ಊರಿನ ಗಾಳಿಯನ್ನೇ ಆವರಿಸಿಕೊಳ್ಳುವ ಘಾಟನ್ನೂ ವರ್ಣಿಸಿದವರು ಅನೇಕರಿದ್ದಾರೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಈ ಕಾಯಿಯ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳನ್ನೂ, ಖಾರ ಕಡಮೆಯಾಗಿ ಬಣ್ಣ ಅಧಿಕವಾಗಿರುವ ಅದರ ಗುಣವಿಶೇಷವನ್ನೂ ನಮ್ಮ ಜನ ಚೆನ್ನಾಗಿ ಬಲ್ಲರು. ಆದರೆ ಆ ಕಾಯಿ ಶೀತಗೃಹದಿಂದ ಹೊರಬಂದು ಗಿರಣಿಯಲ್ಲಿ ಪುಡಿಯಾಗುವವರೆಗೆ, ಇಲ್ಲವೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಯಲ್ಲಿ ತನ್ನ ವರ್ಣಸತ್ತ್ವವನ್ನು ದ್ರಾವಕಕ್ಕೆ ಒಪ್ಪಿಸುವವರೆಗೆ, ಯಾವ ಲೋಹದ ದಾರಿಯಲ್ಲಿ ನಡೆಯುತ್ತದೆಯೋ ಆ ದಾರಿಯ ಕಡೆಗೆ ಕಣ್ಣು ಹಾಯಿಸಿದವರು ವಿರಳ. ಕಾಯಿಯನ್ನು ಸುರಿಯುವ ಹಾಪರು, ಅದನ್ನು ಮೇಲಕ್ಕೊಯ್ಯುವ ಎಲಿವೇಟರಿನ ಕವಚ, ಧೂಳನ್ನು ಬೇರ್ಪಡಿಸುವ ಸೈಕ್ಲೋನು, ಜರಡಿಯ ಚೌಕಟ್ಟು, ಪುಡಿ ಇಳಿಯುವ ಕೊಳವೆ, ಇವು ಆಹಾರ ಶುಚಿಯಾಗಿರಬೇಕೆಂಬ ಕಡೆಗಳಲ್ಲಿ ಬಹುಮಟ್ಟಿಗೆ ಒಂದರಿಂದ ಎರಡು ಮಿಲಿಮೀಟರು ದಪ್ಪದ ಸ್ಟೇನ್‌ಲೆಸ್ ಸ್ಟೀಲಿನ ತಗಡಿನವು. ತಗಡಿಗೂ ತಗಡಿಗೂ ನಂಟು ಕಲ್ಪಿಸಿರುವುದು ನಟ್ಟು ಮತ್ತು ಬೋಲ್ಟು.

ರೈಲುಮಾರ್ಗದಲ್ಲಿ ಬ್ಯಾಡಗಿಗೆ ನೆರೆಯದಾದ ರಾಣೆಬೆನ್ನೂರಿನಲ್ಲಿ ಬೀಜೋದ್ಯಮ ಬೆಳೆದಿದೆ. ಬೀಜವನ್ನು ಶುದ್ಧಗೊಳಿಸುವ, ಗಾತ್ರಕ್ಕನುಸಾರವಾಗಿ ವಿಂಗಡಿಸುವ, ಔಷಧ ಲೇಪಿಸುವ ಯಂತ್ರಗಳಲ್ಲಿಯೂ ಇದೇ ಬಗೆಯ ತಗಡು, ಇದೇ ಬಗೆಯ ಜೋಡಣೆ. ಹಾವೇರಿ ಸೀಮೆಯಲ್ಲಿ ವಿಪುಲವಾಗಿ ಬೆಳೆಯುವ ಗೋವಿನಜೋಳವಂತೂ ಒಂದು ಘನಮೀಟರಿಗೆ ಏಳುನೂರು ಕಿಲೋಗ್ರಾಂಗೂ ಮಿಕ್ಕ ತೂಕದ್ದು; ಹಗುರವಾದ ಒಣಮೆಣಸಿನಕಾಯಿಗೆಂದು ಕಟ್ಟಿದ ಹಾಪರಿಗೆ ಮುಂದಿನ ಸುಗ್ಗಿಯಲ್ಲಿ ಗೋವಿನಜೋಳವನ್ನು ಸುರಿದರೆ, ಕಣ್ಣಿಗೆ ಕಾಣದೆ ಹೊರೆ ಅನೇಕ ಪಟ್ಟು ಏರಿಬಿಡುತ್ತದೆ. ಆ ಹೊರೆಯನ್ನೆಲ್ಲ ಕಡೆಗೆ ಹೊರಬೇಕಾದುದು ಬೋಲ್ಟಿನ ರಂಧ್ರದಿಂದ ತಗಡಿನ ಅಂಚಿನವರೆಗೆ ಉಳಿದಿರುವ ಅಂಗುಲದಷ್ಟು ಲೋಹ. ಈ ಲೇಖನವು ಆ ಅಂಗುಲ ಲೋಹವನ್ನು ಕುರಿತದ್ದು.

ಬೆಸುಗೆಯಿರುವಾಗ ಬೋಲ್ಟೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಸ್ಟೇನ್‌ಲೆಸ್ ಸ್ಟೀಲು ಸಾಮಾನ್ಯ ಉಕ್ಕಿನಂತೆ ಶಾಖವನ್ನು ಶೀಘ್ರವಾಗಿ ಹಂಚುವುದಿಲ್ಲ. ಅದರ ಉಷ್ಣವಾಹಕತೆ ಸಾಮಾನ್ಯ ಉಕ್ಕಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅದರ ಮೇಲೆ, ಕಾಯಿಸಿದಾಗ ಅದು ಹಿಗ್ಗುವ ಪ್ರಮಾಣವಾದರೋ ಸಾಮಾನ್ಯ ಉಕ್ಕಿನದಕ್ಕಿಂತ ಹೆಚ್ಚು. ಹೀಗಾಗಿ ತೆಳುತಗಡನ್ನು ಬೆಸೆದಾಗ ಶಾಖವೆಲ್ಲ ಬೆಸುಗೆಯ ಗೆರೆಯಲ್ಲಿಯೇ ನಿಂತು, ತಗಡು ಸೊಟ್ಟಗಾಗಿ, ಅಲೆಅಲೆಯಾಗುವ ಸಂಭವವುಂಟು. ಇದಕ್ಕಿಂತಲೂ ಪ್ರಬಲವಾದ ಕಾರಣ ಶುಚಿತ್ವ. ಇಂದು ಮೆಣಸಿನ ಪುಡಿ, ನಾಳೆ ಧನಿಯದ ಪುಡಿ ಹಾಯುವ ಯಂತ್ರವನ್ನು ಬಿಚ್ಚದೆ ತೊಳೆಯಲಾಗದು. ಜರಡಿ ಹರಿದರೆ, ಬೇರಿಂಗು ಸವೆದರೆ, ಕವಚವನ್ನು ಕಳಚಲೇಬೇಕು. ಬಿಚ್ಚಿ ಕಟ್ಟುವ ಸೌಲಭ್ಯವಿರುವುದು ಬೋಲ್ಟಿನಲ್ಲಿ ಮಾತ್ರ.

ಇನ್ನು ಆ ಲೋಹದ ಸ್ವಭಾವ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹಶಾಸ್ತ್ರಜ್ಞನು 1913ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕಹೊಯ್ದು, ಅದು ತುಕ್ಕಿಗೆ ಸುಲಭವಾಗಿ ಎಡೆಗೊಡುವುದಿಲ್ಲವೆಂಬುದನ್ನು ಕಂಡನು. ಅದೇ ವರ್ಷಗಳಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜೊತೆಗೆ ನಿಕ್ಕಲನ್ನೂ ಸೇರಿಸಿದ ಉಕ್ಕು ಸಿದ್ಧವಾಯಿತು. ಇಂದು ಆಹಾರಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 304 ಎಂಬ ದರ್ಜೆ ಈ ಎರಡನೆಯ ಸಂತತಿಗೆ ಸೇರಿದ್ದು. ನೂರಕ್ಕೆ ಸುಮಾರು ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲು. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಅತಿಸೂಕ್ಷ್ಮವಾದ ಪೊರೆಯೊಂದನ್ನು ಕಟ್ಟುತ್ತದೆ. ಗೀರಿದರೂ ಆ ಪೊರೆ ತಾನಾಗಿ ಮತ್ತೆ ಬೆಳೆಯುತ್ತದೆ. ತುಕ್ಕನ್ನು ತಡೆಯುವುದು ಇದೇ.

ಬಲದ ವಿಚಾರದಲ್ಲಿ ಈ ಲೋಹದ ನಡವಳಿಕೆ ಸಾಮಾನ್ಯ ಉಕ್ಕಿನದಕ್ಕಿಂತ ಬೇರೆ, ಮತ್ತು ಆ ಬೇರೆತನದಲ್ಲಿಯೇ ನಮ್ಮ ವಿಷಯದ ಮರ್ಮವಿದೆ. ಸಾಮಾನ್ಯ ಉಕ್ಕಿನ ಸರಳನ್ನು ಎಳೆಯುತ್ತ ಹೋದರೆ ಒಂದು ನಿರ್ದಿಷ್ಟ ಹಂತದಲ್ಲಿ ಅದು ಹಠಾತ್ತಾಗಿ ಮಣಿಯುತ್ತದೆ. ಇಂಜಿನಿಯರು ಆ ಮಣಿತದ ಬಿಂದುವನ್ನು ಗುರುತುಹಾಕಿಕೊಂಡು ಅದರ ಮೇಲೆ ತನ್ನ ಲೆಕ್ಕವನ್ನೆಲ್ಲ ನಿಲ್ಲಿಸುತ್ತಾನೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅಂತಹ ಬಿಂದುವೇ ಇಲ್ಲ. ಅದು ಮೊದಲಿನಿಂದಲೇ ಮೆಲ್ಲಮೆಲ್ಲನೆ ಬಾಗಿ, ಬಾಗಿದಷ್ಟೂ ಗಟ್ಟಿಯಾಗುತ್ತ, ಬಹುದೂರ ಹಿಗ್ಗುತ್ತದೆ. 304 ದರ್ಜೆಯ ತಗಡು ಕನಿಷ್ಠ 515 ಮೆಗಾಪಾಸ್ಕಲ್ ಎಳೆತವನ್ನು ತಾಳಿ ತುಂಡಾಗಬೇಕೆಂದು ನಿಯಮವಿದ್ದರೆ, ಅದರಲ್ಲಿ ಶಾಶ್ವತವಾದ ಹಿಗ್ಗುವಿಕೆ ನೂರಕ್ಕೆ 0.2ರಷ್ಟು ಕಾಣಿಸಿಕೊಳ್ಳಲು ಕನಿಷ್ಠ ನಿಯಮದ ಪ್ರಕಾರ 205 ಮೆಗಾಪಾಸ್ಕಲ್ ಸಾಕು. ತುಂಡಾಗುವ ಮುನ್ನ ಅದು ತನ್ನ ಉದ್ದದ ನೂರಕ್ಕೆ ನಲವತ್ತರಷ್ಟಾದರೂ ಹಿಗ್ಗಬಲ್ಲುದು. ಮುರಿಯುವುದಕ್ಕೆ ಬಹುಮುಂಚೆಯೇ ಆಕಾರ ಕೆಡುವ ಲೋಹವಿದು. ಯುರೋಪಿನ ರಾಷ್ಟ್ರಗಳು 2006ರಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆಂದೇ ರೂಪಿಸಿದ ಸಂಹಿತೆ ಈ ಕಾರಣದಿಂದಲೇ ಬೋಲ್ಟಿನ ರಂಧ್ರದ ಲೆಕ್ಕದಲ್ಲಿ ತಗಡಿನ ಪೂರ್ಣಬಲವನ್ನು ಬಳಸಗೊಡದು. ಮಣಿತದ ಸ್ಥಾನದಲ್ಲಿ ಎಣಿಸುವ ಆ 205ರ ಅರ್ಧವನ್ನೂ ಮುರಿತದ ಆರು ದಶಮಾಂಶವನ್ನೂ ಕೂಡಿಸಿದ ಮೊತ್ತಕ್ಕೆ ಅದನ್ನು ಇಳಿಸುತ್ತದೆ. ಆ ಲೆಕ್ಕದಂತೆ 515ರ ಸ್ಥಾನದಲ್ಲಿ ನಿಲ್ಲುವುದು ಸುಮಾರು 411. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ ಮೇಲೆ ತಗಡು ಹರಿಯಲಿಲ್ಲವೆಂಬ ಸಮಾಧಾನದಿಂದ ಯಂತ್ರಕ್ಕೆ ಪ್ರಯೋಜನವಿಲ್ಲವಷ್ಟೆ.

ತೆಳುತಗಡಿನ ಬೋಲ್ಟುಜೋಡಣೆ ಎಷ್ಟು ಬಗೆಯಾಗಿ ಕೆಡಬಹುದೆಂಬುದನ್ನು ವ್ಯವಸ್ಥಿತವಾದ ಪರೀಕ್ಷೆಗಳಿಂದ ತೋರಿಸಿದವರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದ ಜಾರ್ಜ್ ವಿಂಟರ್ ಪ್ರಮುಖರು. ಅವರು 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ರಂಧ್ರ ಅಂಚಿಗೆ ತೀರ ಸಮೀಪವಿದ್ದರೆ, ಬೋಲ್ಟು ತನ್ನ ಮುಂದಿನ ಲೋಹವನ್ನು ಎರಡು ಸಮಾನಾಂತರ ಗೆರೆಗಳಲ್ಲಿ ಸೀಳಿಕೊಂಡು ಹೊರಕ್ಕೆ ಬರುತ್ತದೆ. ಅಂಚು ದೂರವಿದ್ದರೆ, ರಂಧ್ರದ ಗೋಡೆಯ ಲೋಹ ಬೋಲ್ಟಿನ ಒತ್ತಡಕ್ಕೆ ಜಜ್ಜಿಹೋಗಿ ಮಡಿಕೆಯಾಗಿ ಗುಡ್ಡೆಗಟ್ಟುತ್ತದೆ. ತಗಡಿನ ಅಗಲ ಕಿರಿದಾಗಿದ್ದರೆ, ರಂಧ್ರದ ಎರಡು ಪಕ್ಕಗಳಿಗೂ ಅಡ್ಡಲಾಗಿ ತಗಡು ಹರಿಯುತ್ತದೆ. ಕೊನೆಯದಾಗಿ, ಬೋಲ್ಟೇ ಕತ್ತರಿಸಿಹೋಗುತ್ತದೆ. ನಮ್ಮ ಗಿರಣಿಗಳ ಮಾಲಕರು ಅಂಜುವುದು ಈ ನಾಲ್ಕನೆಯದಕ್ಕೆ. ತೆಳುತಗಡಿನಲ್ಲಿ ಅತ್ಯಂತ ಅಪರೂಪವಾಗಿ ಘಟಿಸುವುದೂ ಅದೇ.

“ದಪ್ಪನ ಬೋಲ್ಟ್ ಹಾಕ್ರಿ, ಗಟ್ಟಿ ಆಕ್ಕೈತಿ” ಎಂಬ ಮಾತು ಈ ಸೀಮೆಯ ಯಾವ ವರ್ಕ್‌ಶಾಪಿನ ಬಾಗಿಲಲ್ಲಿಯೂ ಕೇಳಿಬರತಕ್ಕುದೇ. ಈ ಮಾತನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿ ನೋಡೋಣ. ನಮ್ಮ ದೇಶದ ಉಕ್ಕಿನ ರಚನೆಗಳ ಸಂಹಿತೆಯಾದ ಐಎಸ್ 800, ಅದರ 2007ರ ಆವೃತ್ತಿಯಲ್ಲಿ, ರಂಧ್ರದ ಬಳಿ ತಗಡು ತಾಳಬಲ್ಲ ಬಲಕ್ಕೆ ಒಂದು ಸೂತ್ರವನ್ನು ಕೊಟ್ಟಿದೆ. ಅದು ಸಾಮಾನ್ಯ ಉಕ್ಕಿಗೆಂದು ಬರೆದ ಸೂತ್ರವಾದರೂ ಹೋಲಿಸಿ ನೋಡುವುದಕ್ಕೆ ಸಾಲುತ್ತದೆ. ಒಂದೂವರೆ ಮಿಲಿಮೀಟರಿನ 304 ತಗಡು. ರಂಧ್ರದ ಮಧ್ಯಬಿಂದುವಿನಿಂದ ತಗಡಿನ ಅಂಚಿಗೆ 24 ಮಿಲಿಮೀಟರು. ಬೋಲ್ಟು ಎ2-70 ದರ್ಜೆಯದು, ಎಂದರೆ 700 ಮೆಗಾಪಾಸ್ಕಲ್ ಎಳೆತದ್ದು. ಸುರಕ್ಷತೆಯ ಭಾಜಕಗಳನ್ನು ಬದಿಗಿಟ್ಟು ಎಣಿಸಿದರೆ, 8 ಮಿಲಿಮೀಟರಿನ ಬೋಲ್ಟು ಕತ್ತರಿಸಿಹೋಗುವುದು ಸುಮಾರು 1,500 ಕಿಲೋಗ್ರಾಂ ತೂಕದ ಬಲಕ್ಕೆ. 12 ಮಿಲಿಮೀಟರಿನದು ಸುಮಾರು 3,500ಕ್ಕೆ. 16 ಮಿಲಿಮೀಟರಿನದು ಸುಮಾರು 6,500ಕ್ಕೆ. ಬೋಲ್ಟಿನ ಬಲ ನಾಲ್ಕು ಪಟ್ಟಿಗೂ ಮಿಕ್ಕು ಏರಿತು. ತಗಡಿನ ಬಲವೆಷ್ಟು ಏರಿತು? 8ರ ಬೋಲ್ಟಿಗೆ ಸುಮಾರು 1,400; 12ರದಕ್ಕೆ ಸುಮಾರು 1,450; 16ರದಕ್ಕೆ ಮತ್ತೆ 1,400. ಏರಲೇ ಇಲ್ಲ. ಏಕೆಂದರೆ ಬೋಲ್ಟು ದಪ್ಪವಾದಂತೆ ಅದು ಒತ್ತುವ ಲೋಹದ ಅಗಲ ಹೆಚ್ಚುವುದೇನೋ ನಿಜ, ಆದರೆ ಅದರೊಡನೆ ರಂಧ್ರವೂ ಹಿರಿದಾಗಿ ಅಂಚಿನ ಕಡೆಯ ಲೋಹವನ್ನು ನುಂಗುತ್ತದೆ. ಒಂದು ಕೊಟ್ಟುದನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಅದೇ ಸಂಹಿತೆ ರಂಧ್ರದ ವ್ಯಾಸದ ಒಂದೂವರೆ ಪಟ್ಟಾದರೂ, ಕತ್ತರಿಯಿಂದ ಕತ್ತರಿಸಿದ ಒರಟು ಅಂಚಾದರೆ 1.7 ಪಟ್ಟಾದರೂ, ಅಂಚು ದೂರವಿರಬೇಕೆಂದು ವಿಧಿಸುವುದರಿಂದ, 18 ಮಿಲಿಮೀಟರು ರಂಧ್ರ ಬೇಡುವ 16ರ ಬೋಲ್ಟಿಗೆ 24 ಮಿಲಿಮೀಟರಿನ ಅಂಚು ನಿಯಮಕ್ಕೇ ವಿರುದ್ಧ. ಹಣ ಕೊಟ್ಟು ದಪ್ಪನೆಯ ಬೋಲ್ಟನ್ನು ತಂದವನು ಜೋಡಣೆಗೆ ಬಲವನ್ನು ಕೂಡಿಸದೆ ನಿಯಮವನ್ನು ಮಾತ್ರ ಮೀರಿದಂತಾಯಿತು.

ಇದರಿಂದ, ಅಂಚನ್ನು ದೂರ ಸರಿಸುತ್ತ ಹೋದರೆ ಬಲ ಏರುತ್ತ ಹೋಗುವುದಷ್ಟೆ, ಮುಗಿಯಿತು, ಎಂದು ಯಾರಾದರೂ ನಿರ್ಣಯಿಸಿದರೆ ಅದೂ ಅವಸರದ ಮಾತಾಗುವುದು. ಇಲ್ಲಿಯೇ ತೆಳುತಗಡು ತನ್ನ ಗುಟ್ಟನ್ನು ಇಟ್ಟುಕೊಂಡಿದೆ. ಅದನ್ನು ಬಯಲಿಗೆಳೆದ ಕೀರ್ತಿ ಬಹುಮಟ್ಟಿಗೆ ಜಪಾನಿನ ಹಿತೋಶಿ ಕುವಮುರ ಮತ್ತು ಕೊರಿಯದ ತೇ-ಸೂ ಕಿಮ್ ಎಂಬ ವಿದ್ವಾಂಸರಿಗೆ ಸಲ್ಲುತ್ತದೆ. ತೆಳ್ಳನೆಯ ಸ್ಟೇನ್‌ಲೆಸ್ ತಗಡುಗಳನ್ನು ಬೋಲ್ಟಿನಿಂದ ಕೂಡಿಸಿ ಎಳೆದು ನೋಡಿದ ಪರೀಕ್ಷೆಗಳಲ್ಲಿ, ಮತ್ತು ಆ ಪರೀಕ್ಷೆಗಳನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅವರ ಗಣಕ ವಿಶ್ಲೇಷಣೆಯಲ್ಲಿ ಕಂಡುಬಂದ ಸಂಗತಿಯೆಂದರೆ, ಅಂಚಿನ ದೂರ ಹೆಚ್ಚಾಗಿರುವ ತಗಡುಗಳ ತುದಿ ಬಿಸಿಲಿಗೆ ಹಾಕಿದ ಹಪ್ಪಳದ ಅಂಚಿನಂತೆ ತಗಡಿನ ಮಟ್ಟವನ್ನು ಬಿಟ್ಟು ಮೇಲಕ್ಕೆ ಸುರುಳಿಯೇಳುತ್ತದೆ. ಹಾಗೆ ಎದ್ದ ತಗಡು ಸೂತ್ರ ಹೇಳಿದಷ್ಟು ಬಲವನ್ನು ತಾಳದೆ ಸೋಲುತ್ತದೆ.

ಹೀಗಾಗುವುದೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದರ ಮೇಲೊಂದು ಕೂತ ಎರಡು ತಗಡುಗಳನ್ನು ಎದುರುಬದುರಾಗಿ ಎಳೆದಾಗ ಎರಡು ಎಳೆತಗಳೂ ಒಂದೇ ಗೆರೆಯಲ್ಲಿರುವುದಿಲ್ಲ. ತಗಡಿನ ದಪ್ಪದಷ್ಟು ಅಂತರ ನಡುವೆ ಇದ್ದೇ ಇರುತ್ತದೆ. ಆ ಅಲ್ಪ ಅಂತರವೇ ಸಾಕು, ಜೋಡಣೆಯನ್ನು ತಿರುಚಿ ಬೋಲ್ಟನ್ನು ವಾಲಿಸಲು. ಇತ್ತ ಬೋಲ್ಟಿನ ಮುಂದೆ, ಅಂಚಿನ ಕಡೆಗಿರುವ ಲೋಹದ ಮೇಲೆ ಬೀಳುವುದು ಎಳೆತವಲ್ಲ, ಒತ್ತಡ. ಒತ್ತಡಕ್ಕೆ ಸಿಕ್ಕಿದ ತೆಳ್ಳನೆಯ ವಸ್ತು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಬಾಗುತ್ತದೆ. ತಗಡಿಗೆ ಪಕ್ಕವೆಂದರೆ ಮೇಲ್ಮುಖ. ದಪ್ಪನೆಯ ಫಲಕವಾಗಿದ್ದರೆ ತನ್ನ ಬಿಗುವಿನಿಂದಲೇ ಅದನ್ನು ತಡೆದುಕೊಳ್ಳುತ್ತಿತ್ತು. ಫಲಕದ ಬಿಗುವು ಅದರ ದಪ್ಪದ ಘನಕ್ಕನುಸಾರವಾಗಿ ಏರುವಂಥದು; ದಪ್ಪವನ್ನು ಅರ್ಧಕ್ಕಿಳಿಸಿದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಎಂಟನೆಯ ಒಂದು ಪಾಲಿಗೆ ಬೀಳುತ್ತದೆ. ಸೇತುವೆಗಳ ಹತ್ತು-ಹನ್ನೆರಡು ಮಿಲಿಮೀಟರಿನ ಫಲಕಗಳನ್ನು ನೋಡಿ ಬರೆದ ಸೂತ್ರಗಳಲ್ಲಿ ಈ ಸುರುಳಿಗೆ ಜಾಗವಿಲ್ಲದೆ ಹೋದದ್ದು ಆಶ್ಚರ್ಯವಲ್ಲ.

ಸಂಹಿತೆಯ ರಚನೆ ತೆಳುತಗಡನ್ನು ಮನಸ್ಸಿನಲ್ಲಿಟ್ಟುಕೊಂಡು ಆದುದಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡಬಹುದು. ಬೋಲ್ಟಿನಿಂದ ಬೋಲ್ಟಿಗೆ ಇರಬೇಕಾದ ದೂರ ಬೋಲ್ಟಿನ ವ್ಯಾಸದ ಎರಡೂವರೆ ಪಟ್ಟಿಗಿಂತ ಕಡಮೆಯಾಗಬಾರದೆಂದು ಐಎಸ್ 800 ಹೇಳುತ್ತದೆ; ಎಳೆತಕ್ಕೆ ಸಿಕ್ಕಿದ ಭಾಗಗಳಲ್ಲಿ ಆ ದೂರ ತೆಳ್ಳನೆಯ ತಗಡಿನ ದಪ್ಪದ ಹದಿನಾರು ಪಟ್ಟನ್ನು ಮೀರಕೂಡದೆಂದೂ ಹೇಳುತ್ತದೆ. ಒಂದೂವರೆ ಮಿಲಿಮೀಟರಿನ ತಗಡಿಗೆ 12ರ ಬೋಲ್ಟು ಹಾಕಹೊರಟರೆ, ಮೊದಲ ನಿಯಮ 30 ಮಿಲಿಮೀಟರಿಗೆ ಕಡಮೆ ಬೇಡವೆನ್ನುತ್ತದೆ, ಎರಡನೆಯದು 24ಕ್ಕೆ ಹೆಚ್ಚು ಬೇಡವೆನ್ನುತ್ತದೆ. ಎರಡನ್ನೂ ಪಾಲಿಸುವಂತಿಲ್ಲ. 8ರ ಬೋಲ್ಟಾದರೆ 20ರಿಂದ 24ರ ನಡುವೆ ಎರಡಕ್ಕೂ ಹೊಂದಿಕೆಯಾಗುತ್ತದೆ. ಈ ವಿರೋಧದಲ್ಲಿಯೂ ಒಂದು ಸೂಚನೆಯಿದೆ: ತೆಳುತಗಡು ಬಯಸುವುದು ದಪ್ಪವಾದ ಕೆಲವು ಬೋಲ್ಟುಗಳನ್ನಲ್ಲ, ಸಣ್ಣವಾದ ಹಲವನ್ನು. ಖಾರದ ಪುಡಿಯ ಗಿರಣಿಯಲ್ಲಿ ದುಡಿಯುವವರಿಗೆ ಇದರ ಅನುಭವ ಬೇರೊಂದು ಮಾರ್ಗದಿಂದ ಆಗಿರುತ್ತದೆ. ದೂರದೂರಕ್ಕೆ ಬಿಗಿದ ಎರಡು ಬೋಲ್ಟುಗಳ ನಡುವೆ ತಗಡಿನ ಫ್ಲಾಂಜು ಕೂದಲೆಳೆಯಷ್ಟು ಬಾಯ್ದೆರೆದರೂ ಸಾಕು, ಆ ಸಂದಿನಿಂದ ಪುಡಿ ಹೊರಬಂದು ಕಣ್ಣು ಮೂಗುಗಳನ್ನು ಉರಿಸುತ್ತದೆ. ಅವರು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ತಗಡು ಬೋಲ್ಟಿನ ಬಳಿ ಒಳಕ್ಕೆ ತಗ್ಗಿ ನಡುವೆ ಹೆಚ್ಚಾಗಿ ಉಬ್ಬುತ್ತದೆ.

ಸುರುಳಿಗೂ ಈ ಸಂದಿಗೂ ಪರಿಹಾರವೇನೆಂದರೆ, ತಗಡಿನ ತುದಿಯನ್ನು ಏಳಗೊಡದಂತೆ ಹಿಡಿಯುವುದು. ತಗಡಿನ ಅಂಚನ್ನು ಹತ್ತು-ಹನ್ನೆರಡು ಮಿಲಿಮೀಟರು ಲಂಬವಾಗಿ ಮಡಿಸಿದರೆ ಆ ಮಡಿಕೆಯ ಗೆರೆಯೇ ಬೆನ್ನೆಲುಬಾಗಿ ನಿಂತು ಸುರುಳಿಯನ್ನು ತಡೆಯುತ್ತದೆ. ಮಡಿಸಲು ಎಡೆಯಿಲ್ಲದಲ್ಲಿ, ಬೋಲ್ಟುಗಳ ಸಾಲಿನುದ್ದಕ್ಕೂ ಮೂರು ಮಿಲಿಮೀಟರಿನ ಸ್ಟೇನ್‌ಲೆಸ್ ಪಟ್ಟಿಯೊಂದನ್ನು ತಗಡಿನ ಮೇಲೆ ಕೂರಿಸಿ, ಪಟ್ಟಿಯನ್ನೂ ತಗಡನ್ನೂ ಒಟ್ಟಿಗೆ ಬಿಗಿಯಬೇಕು. ಹೊರೆ ಸಮನಾಗಿ ಹಂಚಿಹೋಗುತ್ತದೆ, ಸಂದೂ ಮುಚ್ಚುತ್ತದೆ. ಇವೆರಡೂ ಆಗದಿದ್ದರೆ ಅಗಲವಾದ ವಾಷರನ್ನಾದರೂ ಎರಡು ಕಡೆಗಳಲ್ಲಿಯೂ ಹಾಕತಕ್ಕದ್ದು. ವಾಷರೆಂದರೆ ನಟ್ಟಿನ ಕೆಳಗಿನ ಉಪಚಾರದ ವಸ್ತುವೆಂಬ ಭಾವನೆ ಸಾಮಾನ್ಯವಾಗಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ತೆಳುತಗಡಿನಲ್ಲಿ ವಾಷರು ರಂಧ್ರದ ಮುಂದಿನ ಲೋಹವನ್ನು ಅದುಮಿ ಹಿಡಿದು ಅದು ಮೇಲೇಳದಂತೆ ಕಾಯುವ ಅಂಗ. ಕಳೆದುಹೋದ ವಾಷರನ್ನು ಮತ್ತೆ ಹಾಕದೆ ನಟ್ಟನ್ನು ನೇರವಾಗಿ ತಗಡಿಗೆ ಬಿಗಿದ ಯಂತ್ರವನ್ನು ಕಂಡಾಗಲೆಲ್ಲ ನನಗೆ ಮನಸ್ಸು ಕಸಿವಿಸಿಯಾಗುತ್ತದೆ.

ಸ್ಟೇನ್‌ಲೆಸ್ ಬೋಲ್ಟಿಗೂ ಒಂದು ದುರ್ಗುಣವಿದೆ. ಇಲೆಕ್ಟ್ರಿಕ್ ಯಂತ್ರದಿಂದ ಭರದಲ್ಲಿ ನಟ್ಟನ್ನು ತಿರುಗಿಸುವಾಗ ಅದು ಅರ್ಧದಾರಿಯಲ್ಲಿ ಕಚ್ಚಿಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ, ಕಡೆಗೆ ಗರಗಸದಿಂದ ಕೊಯ್ಯಬೇಕಾಗಿ ಬರುವುದುಂಟು. ತುಕ್ಕನ್ನು ತಡೆಯುವ ಆ ಪೊರೆ ಉಜ್ಜಾಟದಲ್ಲಿ ಕಿತ್ತುಹೋಗಿ, ಸ್ವಜಾತಿಯ ಎರಡು ಲೋಹಗಳು ನಗ್ನವಾಗಿ ಸಂಧಿಸಿ ಒಂದಕ್ಕೊಂದು ಬೆಸೆದುಕೊಳ್ಳುವುದೇ ಇದರ ಕಾರಣ. ನಿಧಾನವಾಗಿ ಕೈಯಿಂದ ಬಿಗಿಯುವುದು, ಆಹಾರಕ್ಕೆ ಒಗ್ಗುವ ಲೇಪವನ್ನು ಸುತ್ತುಗೆರೆಗಳಿಗೆ ಹಚ್ಚುವುದು, ಬೋಲ್ಟನ್ನೂ ನಟ್ಟನ್ನೂ ಬೇರೆಬೇರೆ ದರ್ಜೆಯಿಂದ ಆರಿಸುವುದು, ಇವು ತಿಳಿದವರು ಅನುಸರಿಸುವ ಕ್ರಮ. ಕಚ್ಚಿಕೊಂಡ ನಟ್ಟು ಬಿಗಿಯಾದಂತೆ ತೋರಿದರೂ ತಗಡುಗಳನ್ನು ಒತ್ತಿ ಹಿಡಿದಿರುವುದಿಲ್ಲ. ಜರಡಿಯ ಅಲುಗಾಟಕ್ಕೆ ಅಂಥ ಜೋಡಣೆ ದಿನವೂ ಸರಿದಾಡಿ, ರಂಧ್ರದ ಅಂಚಿನಲ್ಲಿ ಸೂಕ್ಷ್ಮವಾದ ಬಿರುಕಿಗೆ ಎಡೆಮಾಡಿಕೊಡುತ್ತದೆ.

ಈ ಕಚ್ಚಾಟಕ್ಕೆ ಬೇಸತ್ತು, ಇಲ್ಲವೆ ಬೆಲೆಗೆ ಅಂಜಿ, ಸ್ಟೇನ್‌ಲೆಸ್ ತಗಡಿಗೆ ಸಾಮಾನ್ಯ ಉಕ್ಕಿನ ಬೋಲ್ಟನ್ನು ಹಾಕುವವರಿದ್ದಾರೆ. ತೇವ ಸೋಕಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಕೀಳಾದುದು ಸವೆಯುತ್ತದೆ. ಇಲ್ಲಿ ಕೀಳಾದುದು ಬೋಲ್ಟು, ಅದರ ಸುತ್ತಲೂ ಹರಡಿರುವುದು ವಿಶಾಲವಾದ ಸ್ಟೇನ್‌ಲೆಸ್ ಮೈ. ಹಿರಿದಾದ ಮೇಲ್ಮೈ ಕಿರಿದಾದುದನ್ನು ತಿನ್ನುವ ವೇಗ ಭಯಂಕರವಾದದ್ದು. ಉಪ್ಪು ಬೆರೆಸುವ ಉಪ್ಪಿನಕಾಯಿ, ಮಸಾಲೆಗಳ ಘಟಕಗಳಲ್ಲಿ ಸ್ಟೇನ್‌ಲೆಸ್ ಬೋಲ್ಟಿಗೂ ನಿರ್ಭಯವಿಲ್ಲ. ವಾಷರಿನ ಅಡಿಯ ಸಂದಿನಲ್ಲಿ ನಿಂತ ಉಪ್ಪುನೀರು ಅಲ್ಲಿನ ಪೊರೆಯನ್ನು ಕೆಡಿಸಿ ಒಳಗೊಳಗೇ ಗುಳಿತೋಡುತ್ತದೆ. ಅಂಥಲ್ಲಿ ಮಾಲಿಬ್ಡಿನಂ ಬೆರೆತ 316 ದರ್ಜೆಯ ತಗಡು ಮತ್ತು ಎ4 ದರ್ಜೆಯ ಬೋಲ್ಟು ತಕ್ಕುವು.

ತಗಡನ್ನು ಕೊಳ್ಳುವಾಗ ಅಯಸ್ಕಾಂತವನ್ನು ಹಿಡಿದು, ಅಂಟದಿದ್ದರೆ ಅದು ಒಳ್ಳೆಯ ಮಾಲೆಂದು ನಂಬುವ ರೂಢಿಯನ್ನು ಕುರಿತು ಒಂದು ಮಾತು. ನಿಕ್ಕಲನ್ನು ತಗ್ಗಿಸಿ ಮ್ಯಾಂಗನೀಸನ್ನು ಏರಿಸಿದ 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇತ್ತ ನಿಜವಾದ 304 ತಗಡನ್ನು ಮಡಿಸಿದಾಗ, ಹಿಗ್ಗಿಸಿದಾಗ, ಆ ಭಾಗ ಅಲ್ಪಸ್ವಲ್ಪ ಅಂಟತೊಡಗುವುದುಂಟು. ಆದುದರಿಂದ ಆ ಪರೀಕ್ಷೆ ಕೆಟ್ಟದ್ದನ್ನು ಒಪ್ಪಿ ಒಳ್ಳೆಯದನ್ನು ತಿರಸ್ಕರಿಸಬಲ್ಲುದು. ತಗಡು ತಯಾರಾದ ಕಾರ್ಖಾನೆಯ ಪರೀಕ್ಷಾಪತ್ರವನ್ನು ಕೇಳಿ ಪಡೆಯುವುದೇ ಕೊಳ್ಳುವವನಿಗೆ ಉಳಿದಿರುವ ನೇರವಾದ ದಾರಿ.

ಸುರುಳಿಯೇಳುವ ತಗಡನ್ನು ಕುರಿತು ಜಪಾನು, ಕೊರಿಯಗಳಲ್ಲಿ ನಡೆದ ಪರೀಕ್ಷೆಗಳು ನಮ್ಮ ಸೀಮೆಯಲ್ಲಿ ನಡೆಯಲಾರದಷ್ಟು ದುಬಾರಿಯವೇನೂ ಅಲ್ಲ. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ರಾಣೆಬೆನ್ನೂರಿನಲ್ಲಿ ತರಳಬಾಳು ಜಗದ್ಗುರುಗಳ ಹೆಸರಿನ ತಾಂತ್ರಿಕ ವಿದ್ಯಾಲಯವಿದೆ. ಲೋಹವನ್ನು ಎಳೆದು ನೋಡುವ ಯಂತ್ರ ಇಂಜಿನಿಯರಿಂಗ್ ಶಿಕ್ಷಣದ ಸಾಮಾನ್ಯ ಉಪಕರಣ. ಇಲ್ಲಿನ ವರ್ಕ್‌ಶಾಪುಗಳಲ್ಲಿ ಕತ್ತರಿಸಿ ಉಳಿದ ಒಂದು, ಒಂದೂವರೆ, ಎರಡು ಮಿಲಿಮೀಟರಿನ ತುಂಡುಗಳನ್ನು ತಂದು, 8ರ ಮತ್ತು 12ರ ಬೋಲ್ಟುಗಳಿಗೆ ರಂಧ್ರ ಕೊರೆದು, ಅಂಚಿನ ದೂರವನ್ನು ರಂಧ್ರದ ವ್ಯಾಸದ ಒಂದೂವರೆ, ಎರಡು, ಮೂರು, ನಾಲ್ಕು ಪಟ್ಟುಗಳಿಗೆ ಬದಲಿಸಿ, ವಾಷರಿದ್ದು ಒಮ್ಮೆ, ಇಲ್ಲದೆ ಒಮ್ಮೆ, ಅಂಚು ಮಡಿಸಿ ಒಮ್ಮೆ, ಮಡಿಸದೆ ಒಮ್ಮೆ ಎಳೆದು, ತುದಿ ಎಷ್ಟು ಮೇಲೆದ್ದಿತೆಂಬುದನ್ನು ಡಯಲ್ ಗೇಜಿನಿಂದ ಅಳೆದು ಬರೆದುಕೊಂಡರೆ, ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಪ್ರಬಂಧವಾದೀತು. ಆ ಅಂಕಿಗಳನ್ನು ಒಂದು ಹಾಳೆಯ ಕೋಷ್ಟಕವಾಗಿ ಕನ್ನಡದಲ್ಲಿ ಅಚ್ಚುಮಾಡಿಸಿ ವರ್ಕ್‌ಶಾಪುಗಳ ಗೋಡೆಗೆ ಅಂಟಿಸಿದರೆ, ತಗಡು ಕೊರೆಯುವ ಹುಡುಗ ಡ್ರಿಲ್ಲನ್ನು ಇಳಿಸುವ ಮುನ್ನ ಅಂಚಿನಿಂದ ಎಷ್ಟು ದೂರಕ್ಕೆ ಗುರುತು ಹಾಕಬೇಕೆಂಬುದನ್ನು ಅಲ್ಲಿಯೇ ನೋಡಿಕೊಳ್ಳಬಹುದು.